ಬ್ರೇಕಿನ ಚಕ್ರ

ಗೇಣುದ್ದದ ಮರದ ಗೂಡ್ಸ್ ರೈಲಿನ ಡಬ್ಬಿ ಮೇಜಿನ ಮೇಲೆ ಸಿದ್ಧವಾಗಿ ನಿಂತಿತ್ತು. ಇನ್ನು ಕೂಡಿಸಬೇಕಾದದ್ದು ಅಂಗಿ ಗುಂಡಿಯಷ್ಟಗಲದ ಬ್ರೇಕಿನ ಚಕ್ರ ಒಂದೇ. ಶಂಕ್ರೆಪ್ಪ ಅಂಟು ಹಚ್ಚಿದ ಕಡ್ಡಿ ಹಿಡಿದುಕೊಂಡು ತಟ್ಟೆಗೆ ಕೈ ಹಾಕಿದ. ತಟ್ಟೆ ಖಾಲಿ. ಚಹಾ ಕಾಸಲು ಏಳುವಾಗ ಚಕ್ರ ಅಲ್ಲೇ ಇತ್ತು. ಚಹಾ ಕುಡಿದು ಬಂದವನೇ ತಟ್ಟೆಯ ಕಡೆ ನೋಡದೆ ಡಬ್ಬಿಯ ಮೇಲೆ ಮಾಡು ಅಂಟಿಸಿದ್ದ. ಈಗ ಮೇಜಿನ ಕೆಳಗೆ ಬಗ್ಗಿ ನೋಡಿದರೆ, ಎರಡೂವರೆ ವರ್ಷದ ಮೊಮ್ಮಗಳು ಪ್ರಜ್ಞಾ ಕಾಲು ಚಾಚಿ ಕೂತು ಏನನ್ನೋ ಅಗಿಯುತ್ತಿದ್ದಳು.

ಕೂಸನ್ನು ಎಳೆದುಕೊಂಡು ಬಾಯೊಳಗೆ ಬೆರಳಾಡಿಸಿದ. ಹಲ್ಲಿನ ಸಂದಿಯಲ್ಲಿ ಶೇಂಗಾದ ಚೂರು ಬಿಟ್ಟರೆ ಏನೂ ಸಿಗಲಿಲ್ಲ. ಚಕ್ರ ಎಲ್ಲೈತವ್ವ ಅಂತ ಕೇಳಿದ. ಪ್ರಜ್ಞಾ ಎರಡೂ ಅಂಗೈ ಬಿಚ್ಚಿ ತೋರಿಸಿದಳು. "ಇಲ್ಲ ಮುತ್ಯಾ."

ಮುತ್ಯಾನಿಗೆ ಈ ಹುಚ್ಚು ಹತ್ತಿದ್ದು ಗೂಡ್ಸ್ ಗಾಡಿಯ ಗಾರ್ಡ್ ಕೆಲಸದಿಂದ ನಿವೃತ್ತನಾದ ಮೇಲೆ. ಹಳೇ ಕಾಲದ ಕಟ್ಟಿಗೆ ಡಬ್ಬಿಗಳ ಕಿಟ್ ಎಲ್ಲಿ ಸಿಕ್ಕರೂ ತಂದು, ಬೆಂಕಿಕಡ್ಡಿಯಂಥ ಹಲಗೆಗಳನ್ನು ಒಂದೊಂದಾಗಿ ಜೋಡಿಸುತ್ತ ಕೂರುತ್ತಿದ್ದ. ಈ ಕಿಟ್ಟು ಇಂಡಿ ಊರಿನ ಗುಜರಿ ಅಂಗಡಿಯ ಬಂದಗಿಸಾಬ ತೆಗೆದಿಟ್ಟದ್ದು. ಯಾರದೋ ಅಟ್ಟದ ಮೇಲಿದ್ದ ಪರದೇಶದ ಸಾಮಾನು. ಕೊಡುವಾಗಲೇ ಅವನು ಹೇಳಿದ್ದ, ಇದರೊಳಗಿನ ಲೋಹದ ತುಣುಕೆಲ್ಲಾ ಸೀಸದವು, ಸೀಸ ಅಂದರೆ ವಿಷ, ಕೂಸಿರುವ ಮನೆ, ಜ್ವಾಕಿ ಅಂತ. ಶಂಕ್ರೆಪ್ಪ ತಲೆಯಾಡಿಸಿ ಪೆಟ್ಟಿಗೆಯನ್ನು ಬಗಲಲ್ಲಿ ಇಟ್ಟುಕೊಂಡು ತನ್ನೂರು ಸಿಂದಗಿಯ ಬಸ್ಸು ಹತ್ತಿದ್ದ. ಕಿವಿಗೆ ಬಿದ್ದ ಮಾತು ತಲೆಗೆ ಹೋದರೆ ತಾನೆ?

ಹೋದ ವಾರ ಸೊಸೆ ಸುರೇಖಾ ಕೂಸಿನ ಬಾಯಿಂದ ಈ ಕಿಟ್ಟಿನದೇ ಒಂದು ಸಣ್ಣ ಕೊಂಡಿ ತೆಗೆದಿದ್ದಳು. ಕೂಗಾಡಲಿಲ್ಲ. ಅದೇ ಅವನನ್ನು ಹೆಚ್ಚು ಹೆದರಿಸಿದ್ದು. "ಇನ್ನೊಮ್ಮೆ ಹಿಂಗಾದ್ರ ಇಕೀನ ಸೊಲ್ಲಾಪುರಕ್ಕ ನಮ್ಮವ್ವನ ಕಡೆ ಬಿಡ್ತೇನ್ರಿ ಮಾವಾರ," ಎಂದು ಹೇಳಿ, ಚೀಲ ಹೆಗಲಿಗೇರಿಸಿ ಕನ್ನೊಳ್ಳಿಯ ಸಾಲಿಗೆ ಪಾಠ ಹೇಳಲು ಹೋಗಿದ್ದಳು. ಮಗ ಅನಿಲಕುಮಾರ ಇರುವುದು ಮುದ್ದೇಬಿಹಾಳದಲ್ಲಿ, ಬರುವುದು ರವಿವಾರ. ಹೆಂಡತಿ ರೇಣವ್ವ ತೀರಿಕೊಂಡ ಮೇಲೆ ಆ ಮನೆಯಲ್ಲಿ ಇಡೀ ದಿನ ಮಾತಾಡುವವರು ಮುತ್ಯಾ ಮತ್ತು ಮೊಮ್ಮಗಳು ಇಬ್ಬರೇ. ಕೂಸು ಹೋದರೆ ಅವನು ಗೋಡೆಯ ಜೊತೆ ಮಾತಾಡಬೇಕು.

ಹಾಗಾಗಿ ಮೊದಲು ಹುಡುಕಿದ. ಚಾಪೆ ಝಾಡಿಸಿದ, ಕಸ ಗುಡಿಸಿ ಜರಡಿ ಹಿಡಿದ, ಬಚ್ಚಲ ಮೋರಿಗೂ ಕೈ ಹಾಕಿದ. ದವಾಖಾನೆಗೆ ಒಯ್ಯೋಣವೆಂದರೆ ಅಲ್ಲಿಯ ನರ್ಸಬಾಯಿ ಸುರೇಖಾಳ ಗೆಳತಿ, ಇವನು ಚೀಟಿ ಮಾಡಿಸುವುದರೊಳಗೆ ಸುದ್ದಿ ಕನ್ನೊಳ್ಳಿ ಮುಟ್ಟಿರುತ್ತದೆ. ಬಾಳೆಹಣ್ಣು ತಿನ್ನಿಸಿದರೆ ತಾನಾಗಿ ಹೊರಗೆ ಹೋದೀತು ಅಂದುಕೊಂಡು ಎರಡು ಹಣ್ಣು ತಿನ್ನಿಸಿದ. ಹೊಟ್ಟೆ ಮೆಲ್ಲಗೆ ಒತ್ತಿ ನೋಡಿದ. ಕಚಗುಳಿಯಾಗಿ ಪ್ರಜ್ಞಾ ನಕ್ಕಳು. ನಕ್ಕರೆ ಅವನ ಜೀವ ತಿರುಗಿ ಬರುತ್ತಿತ್ತು, ಸುಮ್ಮನಾದರೆ ಹೋಗುತ್ತಿತ್ತು. ಒಮ್ಮೆ ಕೆಮ್ಮಿದಾಗಂತೂ ಮುದುಕ ಕೂಸನ್ನು ಬೋರಲು ಹಿಡಿದು ಬೆನ್ನು ತಟ್ಟಿದ.

ಊಟದ ಹೊತ್ತಿಗೆ ಸುರೇಖಾಳ ಫೋನು ಬಂತು. ಕೂಸು ಉಂಡಳೇ, ಆ ಸಾಮಾನೆಲ್ಲ ಮುಚ್ಚಿಟ್ಟಿದ್ದೀರಲ್ಲ ಅಂತ ಕೇಳಿದಳು. "ಹೌದವ್ವ, ಎಲ್ಲಾ ಬರೋಬ್ಬರಿ ಐತಿ," ಅಂದ ಶಂಕ್ರೆಪ್ಪ.

ಡಬ್ಬಿಯನ್ನಾದರೂ ಕಣ್ಣೆದುರಿನಿಂದ ತೆಗೆಯೋಣವೆಂದು ಎತ್ತಿದ. ಒಳಗೆ ಏನೋ ಕಟಕಟ ಅಂದಿತು. ಮತ್ತೆ ಅಲುಗಾಡಿಸಿದ. ಕಟಕಟ. ಅಯ್ಯೋ ಹುಚ್ಚ ಮುದುಕಾ, ನೀನು ಒಳಗೆ ಚಹಾ ಕಾಸುವಾಗ ಕೂಸು ಚಕ್ರವನ್ನು ಡಬ್ಬಿಯೊಳಗೆ ಹಾಕಿದ್ದಾಳೆ, ನೀನೇ ಬಂದು ಮೇಲೆ ಮಾಡು ಮುಚ್ಚಿದ್ದೀ! ಅವನಿಗೆ ಅಳುವೂ ನಗುವೂ ಕೂಡಿಯೇ ಬಂದವು. ಒಂದು ತಿಂಗಳ ಕೆಲಸ, ಒಂದೊಂದೇ ಪಟ್ಟಿ ಕೂಡಿಸಿದ ಮಾಡು. ಹಿಂದೆಮುಂದೆ ನೋಡದೆ ಎರಡೂ ಹೆಬ್ಬೆರಳು ಊರಿ ಲಟಕ್ಕನೆ ಮುರಿದು, ಡಬ್ಬಿಯನ್ನು ಬೋರಲು ಹಾಕಿದ.

ಒಂದು ಶೇಂಗಾ ಕಾಳು ನೆಲಕ್ಕೆ ಬಿತ್ತು.

ಗೂಡ್ಸ್ ಗಾಡಿಯಲ್ಲಿ ಏನು ಹೋಗುತ್ತದೆ ಅಂತ ಕೂಸು ನಿನ್ನೆ ಕೇಳಿದ್ದಳು. ಶೇಂಗಾ ಹೋಗ್ತಾವ ಅಂತ ಅವನೇ ಹೇಳಿದ್ದ. ಡಬ್ಬಿಯನ್ನು ಕೊಡವಿದ, ಬಾಗಿಲು ಕಿತ್ತ, ಬೆರಳು ಹಾಕಿ ಕೆದರಿದ. ಬೇರೆ ಏನೂ ಇರಲಿಲ್ಲ. ಅಷ್ಟರಲ್ಲಿ ಪ್ರಜ್ಞಾ ಆ ಕಾಳನ್ನು ಹೆಕ್ಕಿ ನೆಟ್ಟಗೆ ಬಾಯಿಗೆ ಹಾಕಿಕೊಂಡಳು.

ಚಕ್ರ ಎಲ್ಲಿ ಹೋಗಿದೆಯೆಂದು ಶಂಕ್ರೆಪ್ಪನಿಗೆ ಇನ್ನು ಯಾರೂ ಹೇಳಬೇಕಾಗಿರಲಿಲ್ಲ. ಕೂಸನ್ನು ಬಗಲಿಗೇರಿಸಿ, ಬರಿಗಾಲಲ್ಲೇ ಓಣಿಗಿಳಿದು, ದವಾಖಾನೆಯ ಕಡೆ ಓಡುತ್ತಲೇ ಸೊಸೆಗೆ ಫೋನು ಹಚ್ಚಿದ.

"ಸುರೇಖಾ, ಕೂಸು ಸೀಸದ ಚಕ್ರ ನುಂಗ್ಯಾಳವ್ವ. ದವಾಖಾನಿಗೆ ಹೊಂಟೇನಿ. ನೀ ಬಾ."

ಅತ್ತ ಕಡೆ ಮಕ್ಕಳು ಮಗ್ಗಿ ಹೇಳುವ ಗದ್ದಲ ಕೇಳಿಸುತ್ತಿತ್ತು. ಅದರ ನಡುವೆ ಸುರೇಖಾ, ಬರ್ತೇನಿ ಅಂದಳು. ಆಮೇಲೆ ಮೆಲ್ಲಗೆ ಕೇಳಿದಳು:

"ನಾ ಫೋನ್ ಮಾಡಿದಾಗ ನಿಮಗ ಗೊತ್ತಿತ್ತೇನ್ರಿ, ಮಾವಾರ?"