ಅಕ್ಕುತಾಯಿ ಕೇಳಿದ ಪದ

ಹೆಣ ಹೊರುವ ಸಿದಗಿ ಕಟ್ಟಿ ಮುಗಿದಿತ್ತು. ಅಕ್ಕುತಾಯಿಯನ್ನು ಎತ್ತುವುದಷ್ಟೇ ಬಾಕಿ. ಭಜನಿ ಮೇಳದ ಮಾಳಸಿದ್ದ ಮಾತ್ರ ತಾಳಗಳನ್ನು ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತ ಕೂತುಬಿಟ್ಟಿದ್ದ.

"ಸುರು ಮಾಡೋ ಮಾಳಸಿದ್ದ," ಎಂದ ಭೀಮಸಿ, ಸತ್ತವಳ ಗಂಡ. ಸಣ್ಣಾಟಗಳಿಗೆ ನಗೆಯ ಮಾತು, ನಗೆಯ ಹಾಡು ಬರೆದುಕೊಡುವುದು ಅವನ ಕಸುಬು. ಏಕಸಂಬಿಯ ಸುತ್ತಮುತ್ತ ಅವನನ್ನು ಕವಿ ಎಂದೇ ಕರೆಯುತ್ತಿದ್ದರು. "ಆಕಿ ಬಾಯಿಬಿಟ್ಟು ಕೇಳಿದ್ದು ಅದೊಂದ. ನನ್ನ ಎತ್ತುವಾಗ ನಮ್ಮವ್ವಗ ಹಾಡಿದ ಪದಾನ ಹಾಡಸ್ರಿ ಅಂತ ಆಣಿ ತಗೊಂಡಾಳ."

"ಬ್ಯಾರೆ ಪದ ಹಾಡ್ತೀನ್ರಿ ಕವಿಗೋಳ. ಅದು ಬ್ಯಾಡ್ರಿ."

"ಯಾಕ ಬ್ಯಾಡ?"

ಮಾಳಸಿದ್ದ ತಲೆ ಎತ್ತಲಿಲ್ಲ. "ಮಂದಿ ನಗತಾರ್ರಿ."

ಭೀಮಸಿಗೆ ಕಪಾಳಕ್ಕೆ ಹೊಡೆದಂತಾಯಿತು. ಮಾಳಸಿದ್ದ ಹೇಳಿದ್ದು ಸುಳ್ಳಾಗಿರಲಿಲ್ಲ. ಹಾಡು ಮಂದಿಯ ಬಾಯಲ್ಲಿ ನಿಲ್ಲಬೇಕಾದರೆ ಮಂದಿಗೆ ಗೊತ್ತಿರುವ ಧಾಟಿಯನ್ನೇ ಎತ್ತಿಕೊಳ್ಳಬೇಕು, ಕಸುಬಿನ ಗುಟ್ಟೇ ಅದು. ಸಿನಿಮಾದ ಧಾಟಿ, ಬೀಸುವ ಕಲ್ಲಿನ ಧಾಟಿ ಎಲ್ಲ ತೀರಿದ ಮೇಲೆ, ಹೋದ ವರ್ಷ, ಹೆಣದ ಮುಂದೆ ಹಾಡುವ ಈ ಪದದ ಧಾಟಿಗೇ ಕೈ ಹಾಕಿದ್ದ. ಎಮ್ಮೆ ಏರಿ ಹೆಣ್ಣು ನೋಡಲು ಹೊರಟ ಮುದಿ ಗೌಡನ ಹಾಡು. ಅಥಣಿಯಿಂದ ನಿಪ್ಪಾಣಿತನಕ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕ್ಯಾಸೆಟ್ ಆಯಿತು. ಚಿಕ್ಕೋಡಿ ಬಸ್ ಸ್ಟ್ಯಾಂಡಿನ ಚಹಾದಂಗಡಿಗಳಲ್ಲಿ ದಿನವಿಡೀ ಅದೇ. ಬರೆಯುವಾಗಲೇ ಅಕ್ಕುತಾಯಿ, "ಆ ಧಾಟಿ ಮುಟ್ಟಬ್ಯಾಡ್ರಿ" ಎಂದಿದ್ದಳು. "ಹೋಗ ಹುಚ್ಚಿ, ಧಾಟಿಗೆಂಥಾ ಮೈಲಿಗಿ?" ಎಂದು ಇವನು ನಕ್ಕಿದ್ದ. ಆ ನಗು ನೆನಪಾಗಿ ಈಗ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ಹೆಣದ ಮುಂದ ಯಾರ ನಗತಾರೋ? ಹಾಡು!"

ಮೇಳ ಹಾಡಿತು. ಮೊದಲ ಸಾಲಿಗೆ ಹೆಂಗಸರ ಅಳು ಎದ್ದಿತು. ಭೀಮಸಿಗೆ ಜೀವ ಬಂದಂತಾಯಿತು. ಎರಡನೆಯ ಸಾಲಿಗೆ ಧಾಟಿ ಏರಿತು. ನಾಟಕದಲ್ಲಿ ಗೌಡ ಎಮ್ಮೆಯ ಬೆನ್ನಿಂದ ಜಾರುವುದು ಸರಿಯಾಗಿ ಅಲ್ಲೇ. ಹಿಂದೆ ನಿಂತವರಲ್ಲಿ ಒಬ್ಬ ಕೆಮ್ಮಿದ. ಇನ್ನೊಬ್ಬ ಗೋಡೆ ಕಡೆ ತಿರುಗಿದ, ಅವನ ಹೆಗಲು ಕುಲುಕುತ್ತಿತ್ತು. ಅಕ್ಕನ ಕಾಲ ಮೇಲೆ ತಲೆ ಇಟ್ಟು ಬೆಳಗಿನಿಂದ ಅತ್ತು ಅತ್ತು ಸೋತಿದ್ದ ತಂಗಿ ಸುಂದ್ರವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಆದರೂ ನಗು ಉಕ್ಕಿಬಂತು. ಪಟಪಟನೆ ತನ್ನ ಬಾಯಿಗೇ ಬಡಿದುಕೊಂಡಳು.

"ನನ್ನ ಬಾಯಾಗ ಮಣ್ಣ ಬೀಳ್ಲಿ, ಮಾವಾರ... ತಡ್ಯಾಕ ಆಗವಲ್ದು!"

ತಾಳ ನಿಂತವು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಭೀಮಸಿ ಎದ್ದುಬಂದು ಮಾಳಸಿದ್ದನ ಕೈಯಿಂದ ತಾಳ ಕಿತ್ತುಕೊಂಡ. ಹೆಂಡತಿಯ ತಲೆಯ ಹತ್ತಿರ ಕೂತು ತಾನೇ ಹಾಡತೊಡಗಿದ. ಮೊದಲ ಸಾಲು ಸರಿಯಾಗಿ ಬಂತು. ಎರಡನೆಯದಕ್ಕೆ ಬಾಯಿ ತೆರೆದ. ಚಿಕ್ಕಂದಿನಿಂದ ಊರಿನ ಪ್ರತಿ ಸಾವಿನಲ್ಲೂ ಕೇಳಿದ ಸಾಲು, ಎಷ್ಟು ತಡಕಾಡಿದರೂ ಸಿಗಲಿಲ್ಲ. ಧಾಟಿ ಕಾಯಲಿಲ್ಲ, ಮುಂದೆ ಹೋಯಿತು. ಅದರ ಹಿಂದೆಯೇ ಕವಿಯ ಬಾಯಿಂದ, ಒಂದು ಅಕ್ಷರವೂ ತಪ್ಪದೆ, ಎಮ್ಮೆಯೂ ಗೌಡನೂ ಹೊರಗೆ ಬಂದರು.

ಈ ಸಲ ಯಾರೂ ನಗಲಿಲ್ಲ.