ಬದುಕಿರುವವರ ಸಾಲು

ಸಾವೊ ತೊಮೆ ದ್ವೀಪದ ಕಣದಲ್ಲಿ ದೊಮಿಂಗಾಸ್ ಕೋಕೋ ಬೀಜಗಳನ್ನು ಕಾಲಿನಲ್ಲಿ ಮಗುಚುತ್ತಿದ್ದಳು. ಅಮ್ಮನಿದ್ದ ಪ್ರಿನ್ಸಿಪಿ ದ್ವೀಪದಿಂದ ನೆಂಟರ ಮನೆಗೆ ಬಂದಿದ್ದ ಕುಸ್ತೋದಿಯಾ ಹೊಸ ಅಂಗಿಯೊಂದನ್ನು ಅವಳ ಕೈಗಿತ್ತಳು.

"ನಿಮ್ಮಮ್ಮ ಹೊಲಿದದ್ದು. ಆ ಸೋಮಾರಿ ಅನ್ಸೆಲ್ಮೊಗೆ ಹೊಟ್ಟೆ ಬಂದಿರುತ್ತೆ ಅಂತ ಎರಡು ಬೆರಳು ಅಗಲ ಬಿಟ್ಟಿದಾಳೆ. ಭಾನುವಾರ ಭಾನುವಾರ ಇಗರ್ಜೀಲಿ ಬದುಕಿರೋರ ಸಾಲಲ್ಲಿ ಅವನಿಗೊಂದು ಮೇಣದಬತ್ತಿ ಹಚ್ತಾಳೆ ಕಣೆ. ಎಲ್ಲಿ ಅವನು?"

ತಮ್ಮ ಅನ್ಸೆಲ್ಮೊ ಜ್ವರದಲ್ಲಿ ತೀರಿಕೊಂಡು ಎರಡು ವರ್ಷವಾಗಿತ್ತು. ಅಮ್ಮ ತಡೆದುಕೊಳ್ಳಲಾರಳೆಂದು ದೊಮಿಂಗಾಸ್ ಆ ಸುದ್ದಿ ಬರೆದ ಕಾಗದವನ್ನು ಪೆಟ್ಟಿಗೆಯಲ್ಲೇ ಇಟ್ಟಿದ್ದಳು. ಅವರ ಮನೆಯ ರೂಢಿಯಂತೆ ಸತ್ತವರ ಸಾಲಿನಲ್ಲಿ ಮೊದಲ ಮೇಣದಬತ್ತಿಯನ್ನು ಹೆತ್ತವಳೇ ಹಚ್ಚಬೇಕು. ಅಲ್ಲಿಯವರೆಗೆ ಬೇರೆ ಯಾರೂ ಹಚ್ಚುವಂತಿಲ್ಲ. ಎರಡು ವರ್ಷದಿಂದ ಅವನು ಕತ್ತಲಲ್ಲಿದ್ದ.

ದೊಮಿಂಗಾಸ್ ಒಳಗೆ ಹೋಗಿ ಕಾಗದ ತಂದು ಕುಸ್ತೋದಿಯಾಳ ಕೈಯಲ್ಲಿಟ್ಟಳು. "ಊರಿಗೆ ಹೋದ ತಕ್ಷಣ ಅಮ್ಮನಿಗೆ ನೀನೇ ಓದಿ ಹೇಳಕ್ಕಾ. ಅವಳ ಕೈ ಹಿಡ್ಕೊಂಡು ಓದು."