ಏಣಿಯ ಕೆಳಗಿನ ಮೆಟ್ಟಿಲು

"ಹತ್ತು ಗಂಟೆಗೆ ಬರ್ತಾರಂತಮ್ಮ, ಏಣಿ ತಗೊಂಡು ಹೋಗೋಕೆ," ಎಂದು ಮಗಳು ಫೋನ್ ಕೆಳಗಿಟ್ಟಳು. "ಅಪ್ಪನ ಜೊತೆ ಕೆಲಸ ಮಾಡ್ತಿದ್ದ ಪೇಂಟರೇ. ಸುಮ್ನೆ ಕೊಟ್ಬಿಡೋಣ. ನೀನು ದಿನಾ ಎಡವೋದಾದ್ರೂ ತಪ್ಪುತ್ತೆ."

ಅಮ್ಮ ಹೂಂ ಎಂದಳು. ಬೇಡ ಎನ್ನುವುದಕ್ಕಾದರೂ ಏನಿತ್ತು? ಹದಿನಾಲ್ಕು ಮೆಟ್ಟಿಲಿನ ಆ ಮರದ ಏಣಿ ಅಡುಗೆಮನೆಗೆ ಹೋಗುವ ಇಕ್ಕಟ್ಟು ದಾರಿಯಲ್ಲಿ, ಗೋಡೆಯುದ್ದಕ್ಕೂ ಮಲಗಿಕೊಂಡಿತ್ತು. ಮದುವೆಯಾಗಿ ಬಂದಾಗಿನಿಂದ ಮೂವತ್ತೆರಡು ವರ್ಷ ಅವಳು ಅಲ್ಲಿ ಏಡಿಯ ಹಾಗೆ ಅಡ್ಡಡ್ಡ ನಡೆದಿದ್ದಾಳೆ. ಏಣಿ ಬೇಕೋ ನಾನು ಬೇಕೋ ಎಂದು ಒಮ್ಮೆ ಗಂಡನನ್ನು ಕೇಳಿದ್ದೂ ಉಂಟು. ಆ ಪುಣ್ಯಾತ್ಮ ಸ್ವಲ್ಪ ಹೊತ್ತು ಯೋಚಿಸಿದವನ ಹಾಗೆ ಮಾಡಿ, "ಏಣಿಗೆ ಅಡುಗೆ ಮಾಡೋಕೆ ಬರಲ್ವಲ್ಲ, ನೀನೇ ಇರು," ಎಂದಿದ್ದ.

ಭಾನುವಾರ ಅವನು ತಟ್ಟೆಯ ಮುಂದೆ ಕೂತಾಗಲೇ ಬಾಗಿಲಲ್ಲಿ ಯಾರದೋ ದನಿ: "ಪೇಂಟರೇ, ಏಣಿ ಇದೆಯಾ?" ಏಣಿ ಕೊಟ್ಟು ಕಳಿಸಿದ್ದರೆ ಅವಳದೇನೂ ತಕರಾರಿರಲಿಲ್ಲ. ಈ ಮನುಷ್ಯ ಅದರ ಹಿಂದೆಯೇ ತಾನೂ ಹೊರಡುತ್ತಿದ್ದ. "ಹಿಡ್ಕೊಳ್ಳೋರಿಲ್ದೆ ಏಣಿ ಕೊಡಬಾರದು ಕಣೇ. ಯಾರಾದ್ರೂ ಬಿದ್ರೆ?" ವಾರವೆಲ್ಲ ಬಿಸಿಲಲ್ಲಿ ನಿಂತು ಕಂಡವರ ಗೋಡೆಗೆ ಬಣ್ಣ ಬಳಿದು ಸೋತವನು, ರಜೆಯ ದಿನ ಬೀದಿಯವರಿಗೆ ಏಣಿ ಹಿಡಿದು ನಿಲ್ಲುತ್ತಿದ್ದ. ಇಲ್ಲಿ ಊಟ ತಣ್ಣಗಾಗುತ್ತಿತ್ತು, ಅವಳ ತಲೆ ಬಿಸಿಯಾಗುತ್ತಿತ್ತು.

ಅವನು ತೀರಿಹೋಗಿ ಒಂದೂವರೆ ತಿಂಗಳು. ಆಮೇಲೆ ಒಬ್ಬರೂ ಏಣಿ ಕೇಳಿಕೊಂಡು ಬಂದಿಲ್ಲ. ಮಾತಾಡಿಸಲು ಬಂದವರು ಆ ಕಡೆ ತಿರುಗಿಯೂ ನೋಡದೆ ಎದ್ದು ಹೋಗುತ್ತಾರೆ. ಹಾಳಾದ ಆ ಕೂಗಿಗಾಗಿ ಈಗ ಭಾನುವಾರ ಕಿವಿ ಕಾಯುತ್ತದೆ ಎಂದು ಯಾರ ಹತ್ತಿರ ಹೇಳಿಕೊಳ್ಳುವುದು? ಅವನ ಜೊತೆಗೇ ತಮ್ಮ ಮನೆಯೂ ಬೀದಿಗೆ ಬೇಡವಾಯಿತೇನೋ ಎಂದು ಅವಳಿಗೆ ಸಂಕಟವಾಗುತ್ತಿತ್ತು.

ಕೊಡುವ ವಸ್ತು ಧೂಳು ಹಿಡಿದಿರಬಾರದೆಂದು ಒದ್ದೆ ಬಟ್ಟೆ ತಂದು ಒರೆಸತೊಡಗಿದಳು. ಏಣಿಯ ತುಂಬ ಬಣ್ಣದ ಹನಿಗಳು. ಈ ತಿಳಿಹಳದಿ ಆಸ್ಪತ್ರೆಯ ಗೋಡೆಯದು. ಮಗಳು ನರ್ಸಿಂಗ್ ಓದುವಾಗ ಅವನು ಹಗಲು ಒಂದು ಕಡೆ, ಸಂಜೆ ಇನ್ನೊಂದು ಕಡೆ ದುಡಿದ ವರ್ಷ ಅದು. ಈ ನೀಲಿ ಎದುರುಮನೆ ಮೇಷ್ಟ್ರ ಕಿಟಕಿಯದು, ಕೂಲಿ ಮುಟ್ಟದೆ ಮಾಡಿಕೊಟ್ಟದ್ದು. ಮೆಟ್ಟಿಲುಗಳೆಲ್ಲ ನಡುವೆ ಸವೆದಿದ್ದವು. ಹತ್ತಿ ಇಳಿದ ಏಣಿ ಸವೆಯುವುದೇ ಹಾಗೆ. ಎಲ್ಲಕ್ಕಿಂತ ಕೆಳಗಿನದು ಮಾತ್ರ ಬಲಗಡೆಯ ತುದಿಯಲ್ಲೂ ತಗ್ಗಾಗಿತ್ತು. ಹುಳ ತಿಂದಿರಬೇಕು ಎಂದುಕೊಂಡಳು.

ಅಷ್ಟರಲ್ಲಿ ಹೊರಗೆ ಏನೋ ಕಿರ್ರೆಂದಿತು. ಕಿಟಕಿಯಲ್ಲಿ ಇಣುಕಿದರೆ ಎದುರುಮನೆಯ ಜಗಲಿಯಲ್ಲಿ ಮೇಜು, ಮೇಜಿನ ಮೇಲೆ ಸ್ಟೂಲು, ಸ್ಟೂಲಿನ ಮೇಲೆ ಬಲ್ಬು ಹಿಡಿದು ನಡುಗುತ್ತಿರುವ ಮೇಷ್ಟ್ರು. ಬರಿಗಾಲಲ್ಲೇ ಬೀದಿ ದಾಟಿ ಓಡಿದಳು.

"ಇಳೀರಿ ಮೇಷ್ಟ್ರೇ ಕೆಳಗೆ. ಎಪ್ಪತ್ತು ದಾಟಿದ ಮೇಲೆ ಸರ್ಕಸ್ಸಾ?"

"ಬಲ್ಬು ಹೋಗಿ ತಿಂಗಳಾಯ್ತು ತಾಯಿ," ಎಂದು ಅವರು ಅವಳ ಹೆಗಲು ಹಿಡಿದು ಇಳಿದರು.

"ನಮ್ಮನೇಲಿ ಏಣಿ ಇರಲಿಲ್ವಾ?"

ಮೇಷ್ಟ್ರು ನೆಲ ನೋಡಿದರು. "ಯಾವ ಬಾಯಲ್ಲಿ ಕೇಳಲಿ? ಅವರೇ ಇಲ್ಲದಾಗ ಏಣಿ ಕೇಳಿ ನಿಮ್ಮ ಹೊಟ್ಟೆ ಉರಿಸೋದು ಬೇಡ ಅಂತ ಬೀದಿಯವರೆಲ್ಲ ಮಾತಾಡ್ಕೊಂಡ್ವಿ."

ಅವಳು ನೇರ ಮನೆಗೆ ಹೋಗಿ, ಮಗಳ ಕೈಗೆ ಏಣಿಯ ಒಂದು ತುದಿ ಕೊಟ್ಟು, ಇನ್ನೊಂದನ್ನು ತಾನೇ ಹೊತ್ತು ತಂದಳು. ಮಗಳು ಬಲ್ಬು ತೆಗೆದುಕೊಂಡು ಹತ್ತಿದಳು. ಮೇಷ್ಟ್ರು ಹಿಡಿಯಲು ಬಂದರು.

"ನೀವು ಸರೀರಿ. ಇದು ನಮ್ಮನೆ ಕೆಲಸ," ಎಂದಳು.

ಅವನು ನಿಲ್ಲುತ್ತಿದ್ದ ಹಾಗೆಯೇ ಎರಡು ಕೈಯಲ್ಲಿ ಏಣಿ ಹಿಡಿದು, ಕೆಳಗಿನ ಮೆಟ್ಟಿಲಿನ ತುದಿಗೆ ಬಲಗಾಲು ಒತ್ತಿದಳು. ಪಾದ ತಾನಾಗಿ ಆ ತಗ್ಗಿನಲ್ಲಿ ಹೋಗಿ ಕೂತಿತು. ಹುಳ ತಿಂದದ್ದಲ್ಲ. ಅವನು ತನ್ನ ಕೆಲಸಕ್ಕೆ ಹತ್ತಿ ಸವೆಸಿದ್ದೂ ಅಲ್ಲ. ಬೇರೆಯವರು ಹತ್ತುವಾಗಲೆಲ್ಲ ಅವನು ಹೀಗೆ ಕಾಲೊತ್ತಿ ನಿಂತು ನಿಂತು ಆದದ್ದು. ಅವಳಿಗೆ ಅಳು ಒತ್ತರಿಸಿ ಬಂತು. ಅತ್ತಳು, ಏಣಿ ಬಿಡಲಿಲ್ಲ.

"ಅಮ್ಮ, ಏಣಿ ಅಲ್ಲಾಡ್ತಿದೆಯಾ?"

"ನಾನು ಅಳ್ತಾ ಇದ್ದೀನಿ. ಏಣಿ ಗಟ್ಟಿಯಾಗೇ ಇದೆ. ನೀನು ಬಲ್ಬು ಹಾಕು."

ಮೇಷ್ಟ್ರು ಒಳಗೆ ಹೋಗಿ ಸ್ವಿಚ್ ಒತ್ತಿದರು. ಹಗಲು ಬೆಳಕಿನಲ್ಲಿ ಬಲ್ಬು ಹತ್ತಿದ್ದು ಗೊತ್ತಾಗಲು ಕಣ್ಣು ಕಿರಿದು ಮಾಡಬೇಕಾಯಿತು. ಪಕ್ಕದ ಮಹಡಿಯಿಂದ ಒಬ್ಬಾಕೆ ಬಗ್ಗಿ ನೋಡಿದಳು. ಕೇಳಲೋ ಬೇಡವೋ ಎಂಬ ದನಿಯಲ್ಲಿ, "ಅಕ್ಕಾ, ನಮ್ಮ ನೀರಿನ ಟ್ಯಾಂಕಿನ ಮುಚ್ಚಳ ಹಾರಿ ಎಷ್ಟೋ ದಿನ ಆಯ್ತು," ಎಂದಳು.

"ಬಂದೆ ಇರು," ಎಂದಳು ಅಮ್ಮ.

ಆಗಲೇ ಪೇಂಟರ್ ಸೈಕಲ್ ನಿಲ್ಲಿಸಿ, ಹೆಗಲ ಮೇಲೆ ಹಗ್ಗದ ಸುರುಳಿ ಹಾಕಿಕೊಂಡು ಹತ್ತಿರ ಬಂದ.

"ಅಕ್ಕ, ಏಣಿ ತಗೊಂಡು ಹೋಗೋಕೆ ಬಂದೆ."

ಮಗಳು ಅಮ್ಮನ ಮುಖ ನೋಡಿದಳು. ಅಮ್ಮ ಅಂಗೈಯಿಂದ ಕಣ್ಣೊರೆಸಿಕೊಂಡಳು.

"ತಗೊಂಡು ಹೋಗಪ್ಪ, ಅದಕ್ಕೇನಂತೆ. ಮೊದಲು ಟ್ಯಾಂಕಿನ ಕೆಲಸ ಮುಗಿಸೋಣ. ಆಮೇಲೆ ಯಾರ ಮನೆಗೆ ಅಂತ ಹೇಳು, ಚಪ್ಪಲಿ ಮೆಟ್ಕೊಂಡು ನಾನೂ ಬರ್ತೀನಿ."